ಮೂವತ್ತಾರಕ್ಕೊಂದು ವಿವರಣೆ

ನನ್ನ ಅಕ್ಕನಿಗೆ ಎಂಟು ಜನರನ್ನು ದುಂಡುಮೇಜಿನ ಸುತ್ತ ಕೂರಿಸುವುದು ನೀರು ಕುಡಿದಷ್ಟು ಸುಲಭ. ಯಾರ ಎಡಕ್ಕೆ ಯಾರು, ಯಾರ ಎದುರಿಗೆ ಯಾರು, ಯಾರ ಪಕ್ಕದಲ್ಲಿ ಯಾರು ಕೂರಬಾರದು, ಎಲ್ಲ ಅವಳ ಬೆರಳ ತುದಿಯಲ್ಲಿ. ನಮ್ಮ ಮನೆಯಲ್ಲಿ ಇದ್ದವರು ಮೂರೇ ಜನ: ಅಮ್ಮ, ಅವಳು, ನಾನು. ಆ ಮೂವರನ್ನು ಒಂದೇ ಹೊತ್ತಿಗೆ ಊಟಕ್ಕೆ ಕೂರಿಸುವುದು ಮಾತ್ರ ಹದಿಮೂರು ವರ್ಷದಲ್ಲಿ ಅವಳಿಂದ ಆಗಲಿಲ್ಲ.

ಆ ಹದಿಮೂರು ವರ್ಷ ಅವಳು ಬರೆದದ್ದು ಒಂದೇ ಹುದ್ದೆಯ ಪರೀಕ್ಷೆ, ಸರ್ಕಾರಿ ಕಚೇರಿಯ ಗುಮಾಸ್ತೆಯದು. ದೊಡ್ಡ ಸಾಹೇಬಳಾಗಿ ಕಾರಿನಲ್ಲಿ ಓಡಾಡಬೇಕೆಂದು ಅವಳು ಕನಸು ಕಂಡವಳಲ್ಲ. ಒಂದು ಮೇಜು, ಒಂದು ಕುರ್ಚಿ, ಮುಂದೆ ಒಂದಿಷ್ಟು ಕಡತ, ಯಾರೂ ಕಿತ್ತುಕೊಳ್ಳಲಾಗದ ಕೆಲಸ, ಅಮ್ಮನ ಕಾಲಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಲ್ಲದೆ ಸಿಗುವ ಚಿಕಿತ್ಸೆ. ಇಷ್ಟೇ ಕೇಳಿದ್ದು. ಮೊದಲ ಸಲ ಎರಡು ಅಂಕ ಕಡಿಮೆ ಬಿತ್ತು. ಎರಡನೇ ಸಲ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆಯೇ ರದ್ದಾಯಿತು. ಮೂರನೇ ಸಲ ಕಾಯುವ ಪಟ್ಟಿಯಲ್ಲಿ ಮೂರನೆಯವಳು. ಮೇಲಿನ ಇಬ್ಬರಿಗೂ ಕರೆ ಬಂತು, ಅಷ್ಟರಲ್ಲಿ ಪಟ್ಟಿಯ ಅವಧಿ ಮುಗಿಯಿತು. ನಾಲ್ಕನೇ ಸಲದ್ದನ್ನು ನಾನು ಬರೆಯುವುದಿಲ್ಲ, ಬರೆದರೆ ಇವತ್ತಿಗೂ ಮೈ ಉರಿಯುತ್ತದೆ. ಐದನೆಯದು ಕೊನೆಯದು. ಪರೀಕ್ಷೆಯಾದ ಎರಡು ತಿಂಗಳಿಗೆ ಅವಳಿಗೆ ಮೂವತ್ತೈದು ತುಂಬುತ್ತಿತ್ತು. ಅದರಾಚೆಗೆ ಅರ್ಜಿಯ ಫಾರಂ ಅವಳ ಹುಟ್ಟಿದ ದಿನಾಂಕವನ್ನೇ ಒಪ್ಪುತ್ತಿರಲಿಲ್ಲ.

ನಡುವೆ ಹೊಟ್ಟೆ ಸುಮ್ಮನಿರುತ್ತದೆಯೇ? ಅವಳು ಗೈಡು ಬರೆಯುತ್ತಿದ್ದಳು. ಕೋಚಿಂಗ್ ಕ್ಲಾಸುಗಳೇ ಸಾಲುಗಟ್ಟಿ ನಿಂತ ಆ ಬೀದಿಯಲ್ಲಿ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ, ಒಬ್ಬ ಪ್ರಕಾಶಕರಿದ್ದಾರೆ. ತಾರ್ಕಿಕ ಸಾಮರ್ಥ್ಯ, ಸಂಖ್ಯಾ ಸರಣಿ, ರಕ್ತಸಂಬಂಧ, ದಿಕ್ಕು ದೂರ, ದುಂಡುಮೇಜಿನ ಆಸನ ಜೋಡಣೆ ಎಂದು ತಲೆದಿಂಬಿನಷ್ಟು ದಪ್ಪದ ಪುಸ್ತಕ ಹಾಕುತ್ತಾರೆ. ಮೇಲೆ ‘ತಜ್ಞರ ಸಮಿತಿಯಿಂದ’ ಎಂದು ಅಚ್ಚಾಗಿರುತ್ತದೆ. ಆ ತಜ್ಞರ ಸಮಿತಿ ಬೆಳಗ್ಗೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆದು, ಅಮ್ಮನ ಕಾಲಿಗೆ ಎಣ್ಣೆ ಹಚ್ಚಿ, ಆಮೇಲೆ ಗೆರೆ ಹಾಕಿದ ನೋಟ್‌ಬುಕ್ ಹಿಡಿದು ಕಿಟಕಿಯ ಪಕ್ಕ ಕೂರುತ್ತಿತ್ತು. ಅವಳು ಬರೆದದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಪುಟ ಕಟ್ಟುವವಳು ನಾನು. ಅದೇ ಪ್ರಕಾಶಕರ ಹತ್ತಿರ ನನಗೆ ಕೆಲಸ. ಹಾಗಾಗಿ ಸಮಿತಿಯ ಕಾರ್ಯದರ್ಶಿ ಎಂದು ನಾನೂ ಹೇಳಿಕೊಳ್ಳಬಹುದಿತ್ತು.

ಬೀದಿಯ ಓದುವ ಹುಡುಗ ಹುಡುಗಿಯರೆಲ್ಲ ಅವಳನ್ನು ‘ಸರಣಿ ಅಕ್ಕ’ ಎನ್ನುತ್ತಿದ್ದರು. ಅವಳಿಗೆ ಯಾವುದನ್ನು ಕಂಡರೂ ಅದರ ಮುಂದಿನದು ಏನು ಎಂಬುದೇ ಯೋಚನೆ. ಬಸ್ಸಿನ ನಂಬರು ಪ್ಲೇಟು ಓದಿ, ಇಳಿಯುವ ಹೊತ್ತಿಗೆ ಅದರಿಂದ ಒಂದು ಪ್ರಶ್ನೆ ಮಾಡಿರುತ್ತಿದ್ದಳು. ನಮ್ಮ ಮನೆಗೆ ಹದಿನೇಳು ಮೆಟ್ಟಿಲು.

“ಹದಿನೇಳು ಅವಿಭಾಜ್ಯ ಸಂಖ್ಯೆ ಅಮ್ಮ. ಒಂದು, ಹದಿನೇಳು, ಇವೆರಡು ಬಿಟ್ರೆ ಬೇರೆ ಯಾವುದರಿಂದಲೂ ಭಾಗ ಆಗಲ್ಲ” ಎಂದು ಅವಳು ಹೇಳಿದರೆ ಅಮ್ಮ ನಡುವೆ ನಿಂತು ಗೋಡೆ ಹಿಡಿದು, “ನನ್ನ ಕಾಲಿಂದ ಭಾಗ ಆಗುತ್ತೆ ಬಾ. ಎಂಟಕ್ಕೆ ಒಂದು ಸಲ ಕೂರ್ತೀನಿ, ಹನ್ನೆರಡಕ್ಕೆ ಇನ್ನೊಂದು ಸಲ” ಎನ್ನುತ್ತಿದ್ದಳು. ರಕ್ತಸಂಬಂಧದ ಪ್ರಶ್ನೆಗಳನ್ನು ಕಂಡರಂತೂ ಅಮ್ಮನಿಗೆ ತಮಾಷೆ. “ಅವನ ತಾಯಿಯ ಗಂಡನ ಒಬ್ಬಳೇ ಮಗಳು ಅಂತೀಯಲ್ಲ, ತಂಗಿ ಅಂದ್ರೆ ಬಾಯಿ ಸವೆದುಹೋಗುತ್ತಾ? ನಿಮ್ಮ ಪುಸ್ತಕದಲ್ಲಿ ಒಬ್ಬರೂ ತಮ್ಮ ಸಂಬಂಧ ನೆಟ್ಟಗೆ ಹೇಳಲ್ಲ ಕಣೇ.”

ಆ ಕೊನೆಯ ವರ್ಷ ಅವಳು ಗಡಿಯಾರ ಮುಂದಿಟ್ಟುಕೊಂಡೇ ಓದಿದಳು. ಒಂದು ಸರಣಿಗೆ ನಲವತ್ತು ಸೆಕೆಂಡು, ಒಂದು ದಿಕ್ಕಿನ ಲೆಕ್ಕಕ್ಕೆ ಐವತ್ತು. ಒಲೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವರ್ಗ, ಘನ, ಅವಿಭಾಜ್ಯಗಳ ಪಟ್ಟಿ. ಹಾಲು ಉಕ್ಕುವುದರೊಳಗೆ ಮೂರು ಪ್ರಶ್ನೆ ಮುಗಿಸಬೇಕು ಎಂದು ಪಂತ. ಎರಡು ಮುಗಿಯುತ್ತಿತ್ತು, ಹಾಲು ಉಕ್ಕುತ್ತಿತ್ತು. ನೆಂಟರು ಬಂದು ಮದುವೆಯ ಮಾತು ತೆಗೆದರೆ ಅವಳು ನಗುತ್ತಾ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. “ಇನ್ನೂ ಪರೀಕ್ಷೆ ಬರೀತಾಳಾ?” ಎಂದು ಅವರು ಅಮ್ಮನನ್ನು ಕೇಳುತ್ತಿದ್ದ ದನಿಯಿದೆಯಲ್ಲ, ಕಾಯಿಲೆ ಇನ್ನೂ ವಾಸಿಯಾಗಿಲ್ಲವಾ ಎಂದು ಕೇಳುವ ದನಿ, ಅದಕ್ಕಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ಪರೀಕ್ಷೆಯ ದಿನ ನಾನು ರಜೆ ಹಾಕಿ ಶಾಲೆಯ ಕಾಂಪೌಂಡಿನ ಹೊರಗೆ ಕಾದೆ. ಗಂಟೆ ಬಾರಿಸಿತು. ಗೇಟಿನಿಂದ ಹೊರಬಂದ ನೂರಾರು ಮುಖಗಳಲ್ಲಿ ನಗುತ್ತಿದ್ದದ್ದು ಇವಳೊಬ್ಬಳೇ.

“ನಮ್ಮ ಪ್ರಶ್ನೆ ಬಂದಿತ್ತು ಕಣೇ!” ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. “ನಲವತ್ತೇಳನೇದು. ಹತ್ತು, ಹನ್ನೆರಡು, ಹದಿನೈದು, ಇಪ್ಪತ್ತು, ಇಪ್ಪತ್ತೇಳು, ಮುಂದೇನು? ನಾನೇ ಮಾಡಿದ್ದು ಅದು. ಒಂದಂಕಿನೂ ಬದಲಾಯಿಸಿಲ್ಲ, ಮಹಾಶಯರು ಹಾಗೇ ಎತ್ತಿ ಹಾಕಿದ್ದಾರೆ.”

“ಕಳ್ಳರು” ಎಂದೆ.

“ಕದಿಯಲಿ ಬಿಡು. ನನಗೆ ನಲವತ್ತು ಸೆಕೆಂಡು ಉಳೀತು. ಎರಡು, ಮೂರು, ಐದು, ಏಳು ಕೂಡಿಸ್ತಾ ಬಂದಿದೆ, ಅವಿಭಾಜ್ಯ ಸಂಖ್ಯೆಗಳು. ಮುಂದೆ ಹನ್ನೊಂದು. ಮೂವತ್ತೆಂಟು. ಕಣ್ಣು ಮುಚ್ಕೊಂಡು ಗುರುತು ಹಾಕ್ದೆ.”

ಅವತ್ತು ಮನೆಗೆ ನಡೆದೇ ಬಂದೆವು. ದಾರಿಯುದ್ದಕ್ಕೂ ಅವಳು ಒಂದೊಂದು ಪ್ರಶ್ನೆಯನ್ನೂ ಹೇಳಿ, ಇದು ಸರಿ, ಇದು ಅನುಮಾನ, ಇದು ಬಿಟ್ಟೆ ಎಂದು ಬೆರಳು ಮಡಿಸಿದಳು. ಎಪ್ಪತ್ತೊಂದೂವರೆ ಬರಬಹುದು ಎಂದು ಅವಳ ಅಂದಾಜು. ಎಪ್ಪತ್ತೊಂದರ ಹತ್ತಿರ ಆಯ್ಕೆ ನಿಲ್ಲಬಹುದು ಎಂದು ಬೀದಿಯ ಅಂದಾಜು. ಕೂದಲೆಳೆಯಷ್ಟು ಅಂತರ, ಆದರೆ ಗೆರೆಯ ಒಳಗೆ. ಅಮ್ಮ ಅಂದು ಎಷ್ಟೋ ವರ್ಷದ ಮೇಲೆ ಮೂವರಿಗೂ ಒಟ್ಟಿಗೆ ತಟ್ಟೆ ಇಟ್ಟಳು.

ಒಂಬತ್ತು ದಿನಕ್ಕೆ ಇಲಾಖೆ ತಾತ್ಕಾಲಿಕ ಕೀ ಉತ್ತರ ಹಾಕಿತು. ನನ್ನ ಕಂಪ್ಯೂಟರಿನಲ್ಲೇ ತೆಗೆದೆವು. ಅಕ್ಕ ನನ್ನ ಕುರ್ಚಿಯ ಹಿಂದೆ ನಿಂತು ತನ್ನ ಕಾಗದಕ್ಕೂ ಪರದೆಗೂ ತಾಳೆ ನೋಡುತ್ತಾ ಬಂದಳು. ನಲವತ್ತೇಳಕ್ಕೆ ಬಂದಾಗ ನಿಂತಳು.

“ಮೂವತ್ತಾರು ಅಂತಿದೆಯಲ್ಲ.” ಆಮೇಲೆ ನಕ್ಕಳು. “ಕದಿಯೋದಕ್ಕೂ ಬುದ್ಧಿ ಬೇಕು ನೋಡು. ಒಂಬತ್ತು ಕೂಡಿಸಿದ್ದಾರೆ ಪಾಪ. ಒಂಬತ್ತು ಮೂರರಿಂದ ಭಾಗ ಆಗುತ್ತೆ ಅಂತ ಐದನೇ ಕ್ಲಾಸಿನ ಮಕ್ಕಳಿಗೆ ಗೊತ್ತು. ಆಕ್ಷೇಪಣೆ ಹಾಕಿದ್ರೆ ಆಯ್ತು, ಏಳು ದಿನ ಟೈಮಿದೆ.”

ಅವಳು ನಗುತ್ತಿದ್ದಳು. ನಾನು ಮಾತ್ರ ಆ ‘ಮೂವತ್ತಾರು’ ಎಂಬುದನ್ನು ನೋಡಿದ ಕ್ಷಣದಿಂದ ಹಿಂದೆ ತಿರುಗಿ ಅವಳ ಮುಖ ನೋಡಲಿಲ್ಲ. ಯಾಕೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕತೆ ಹೇಳುವ ಬಣ್ಣದ ಮಾತು ನನಗೆ ಬರುವುದಿಲ್ಲ. ಆ ಮೂವತ್ತಾರು ಬರೆದವಳು ನಾನು.

ನಾಲ್ಕು ವರ್ಷದ ಹಿಂದೆ, ಆ ಪುಸ್ತಕದ ಕೊನೆಯ ಪುಟ ಕಟ್ಟುತ್ತಿದ್ದ ಮಧ್ಯಾಹ್ನ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸುದ್ದಿ ಬಂದಾಗ ಕಚೇರಿಯಲ್ಲಿ ನನ್ನ ಪಕ್ಕದಲ್ಲೇ ಇದ್ದ ಅಕ್ಕ ಹತ್ತು ಸರಣಿಗಳ ಹಾಳೆಯನ್ನು ನನ್ನ ಕೈಗೆ ತುರುಕಿ ಆಸ್ಪತ್ರೆಗೆ ಓಡಿದಳು. ಆಸ್ಪತ್ರೆಯಿಂದ ಫೋನು ಮಾಡಿ, “ಉತ್ತರದ ಚೀಟಿ ಮನೆಯಲ್ಲಿದೆ, ಕಿಟಕಿ ಮೇಲೆ. ತಂದು ಹಾಕು” ಎಂದಳು. ಕೆಳಗೆ ಪ್ರೆಸ್ಸಿನವನು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮಾಲೀಕರು ನನ್ನ ತಲೆಯ ಮೇಲೆ ನಿಂತು, “ಹತ್ತೇ ಹತ್ತು ಉತ್ತರ ಕಣಮ್ಮ. ಅಕ್ಕನಿಗೆ ಬರೋದು ತಂಗಿಗೆ ಬರಲ್ವಾ?” ಎಂದರು. ಆ ಮಾತು ನನ್ನನ್ನು ಉಬ್ಬಿಸಿತು. ಚಿಕ್ಕಂದಿನಿಂದ ಗಣಿತದಲ್ಲಿ ಅವಳು ಜಾಣೆ, ನಾನು ದಡ್ಡಿ ಎಂದೇ ಬೆಳೆದವಳು ನಾನು. ನನಗೂ ಬರುತ್ತದೆ ಎಂದು ತೋರಿಸಬೇಕೆನಿಸಿತು. ಮೂರು, ಐದು, ಏಳು ಎಂದು ಕಂಡಿತು, ಮುಂದೆ ಒಂಬತ್ತು ಎಂದುಕೊಂಡೆ. ಮೂವತ್ತಾರು. ಹತ್ತು ಉತ್ತರ ತುಂಬಿಸಲು ಕಾಲು ಗಂಟೆ ಹಿಡಿಯಿತು, ಜಂಬದಿಂದ ಕಳಿಸಿದೆ. ಆಸ್ಪತ್ರೆಗೆ ಹೋದಾಗ ಅಕ್ಕ ಕೇಳಿದಳು, “ಚೀಟಿ ನೋಡಿ ಹಾಕಿದ್ಯಾ?” ನಾನು “ಹೂಂ” ಎಂದೆ. ಒಂದು ಅಕ್ಷರದ ಸುಳ್ಳು.

ಪುಸ್ತಕ ನಾಲ್ಕು ಮುದ್ರಣ ಕಂಡಿತು. ಯಾರೂ ದೂರಲಿಲ್ಲ. ಈ ಗೈಡುಗಳಲ್ಲಿ ಪುಟಕ್ಕೊಂದು ತಪ್ಪಿರುವುದು ಮಾಮೂಲು. ಓದುವವರು ‘ಮುದ್ರಣದೋಷ’ ಎಂದು ಬೈದು ಮುಂದಿನ ಪುಟ ತಿರುವುತ್ತಾರೆ. ತಾನೇ ಮಾಡಿದ ಪ್ರಶ್ನೆಯ ಉತ್ತರವನ್ನು ಅಕ್ಕ ಪುಸ್ತಕದ ಹಿಂದೆ ಹೋಗಿ ಯಾಕೆ ನೋಡುತ್ತಾಳೆ? ಪ್ರಶ್ನೆಪತ್ರಿಕೆ ತಯಾರಿಸುವ ದೊಡ್ಡ ಮನುಷ್ಯರು ಮಾತ್ರ ಪ್ರಶ್ನೆಯ ಜೊತೆ ಉತ್ತರವನ್ನೂ ನಿಷ್ಠೆಯಿಂದ ಎತ್ತಿಕೊಂಡಿದ್ದರು.

ಆಕ್ಷೇಪಣೆಯ ಫಾರಂ ತೆಗೆದು ಓದಿದಾಗ ಅಕ್ಕನ ನಗು ಅರ್ಧಕ್ಕೆ ನಿಂತಿತು. ಅಭ್ಯರ್ಥಿಯ ಸ್ವಂತ ವಿವರಣೆಯನ್ನು ಪರಿಗಣಿಸಲಾಗುವುದಿಲ್ಲ, ಪ್ರಕಟಿತ ಪುಸ್ತಕದ ಪುಟವನ್ನು ಆಧಾರವಾಗಿ ಲಗತ್ತಿಸಬೇಕು, ಎಂದಿತ್ತು.

“ನಮ್ಮ ಪುಸ್ತಕವೇ ಇದೆಯಲ್ಲ!” ಎಂದು ಕಪಾಟಿನಿಂದ ತೆಗೆದಳು. ನೂರಾ ಹನ್ನೆರಡನೇ ಪುಟ. ಆಮೇಲೆ ಕೊನೆಯಲ್ಲಿದ್ದ ಉತ್ತರಗಳ ಪಟ್ಟಿ. ಅವಳ ಬೆರಳು ಸಾಲಿನ ಮೇಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು, ಅಲ್ಲಿಂದ ಏಳಲಿಲ್ಲ. ನಾನು ಪರದೆ ನೋಡುತ್ತಾ ಕೂತಿದ್ದೆ.

“ನಾನೇನಾ ಬರೆದಿದ್ದು?” ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. “ಅಮ್ಮ ಬಿದ್ದ ದಿನದ್ದು ಇದು. ಅದರ ಹಿಂದಿನ ದಿನ ಅರವತ್ತು ಸರಣಿ ಮಾಡಿದ್ದೆ. ತಲೆ ಓಡದೆ ಬರೆದಿರ್ಬೇಕು.”

ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಹೇಳಲಿಲ್ಲ, ಹೆದರಿದ್ದೆ. ಉತ್ತರ ಸರಿಹೋದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ನನಗೆ ಲೆಕ್ಕ ಎಷ್ಟು ಬರುತ್ತದೆ ಎಂಬುದು ಅಷ್ಟರಲ್ಲೇ ಗೊತ್ತಾಗಿದ್ದರೂ.

ಮರುದಿನದಿಂದ ಇಬ್ಬರೂ ಆ ಬೀದಿಯ ಅಂಗಡಿ ಅಂಗಡಿ ಹತ್ತಿ ಇಳಿದೆವು. ಬೇರೆ ಯಾವುದಾದರೂ ಗೈಡಿನಲ್ಲಿ ಆ ಸರಣಿ ಸರಿಯಾದ ಉತ್ತರದೊಂದಿಗೆ ಇದ್ದರೆ ಸಾಕಿತ್ತು. ಸರಣಿ ಇತ್ತು, ಒಂದಲ್ಲ, ಐದು ಪುಸ್ತಕದಲ್ಲಿ ಇತ್ತು. ಎಲ್ಲರೂ ನಮ್ಮದನ್ನು ನೋಡಿ ಇಳಿಸಿಕೊಂಡವರೇ. ಐದರಲ್ಲೂ ಮೂವತ್ತಾರು. ಒಂದರಲ್ಲಿ ಪ್ರಶ್ನೆಯ ಹತ್ತು ಹನ್ನೆರಡನ್ನು ತಪ್ಪಾಗಿ ಹನ್ನೊಂದು ಹನ್ನೆರಡು ಮಾಡಿದ್ದರು, ಉತ್ತರ ಮಾತ್ರ ಮೂವತ್ತಾರೇ. ನನ್ನ ಕಾಲು ಗಂಟೆಯ ಜಂಬ ಬೀದಿಯುದ್ದಕ್ಕೂ ಬಗೆಬಗೆಯ ರಟ್ಟು ಹೊದ್ದು ಕೂತಿತ್ತು.

ಉಳಿದದ್ದು ನಮ್ಮ ಮಾಲೀಕರು. ‘ಪುಸ್ತಕದಲ್ಲಿ ಉತ್ತರ ತಪ್ಪಾಗಿ ಮುದ್ರಣವಾಗಿದೆ, ಸರಿಯುತ್ತರ ಮೂವತ್ತೆಂಟು’ ಎಂದು ಅವರೊಂದು ಕಾಗದ ಕೊಟ್ಟರೆ ಅದನ್ನು ಲಗತ್ತಿಸಬಹುದು ಎಂದು ಅಕ್ಕ ಹೋಗಿ ಕೇಳಿದಳು. ನಾನು ಅದೇ ಕೋಣೆಯಲ್ಲಿ ನನ್ನ ಕಂಪ್ಯೂಟರಿನ ಮುಂದಿದ್ದೆ.

“ಏನಮ್ಮಾ ಹೇಳ್ತಿದೀಯ ನೀನು?” ಮಾಲೀಕರು ಬಾಗಿಲಿನ ಕಡೆ ಕೈ ತೋರಿಸಿದರು. “ನಮ್ಮ ಪುಸ್ತಕದ ಪ್ರಶ್ನೆ ಪರೀಕ್ಷೆಗೆ ಬಂತು ಅಂತ ಹೊರಗೆ ಬ್ಯಾನರ್ ಕಟ್ಟಿಸಿದ್ದೀನಿ. ಈಗ ನಮ್ಮ ಪುಸ್ತಕ ತಪ್ಪು ಅಂತ ನಾನೇ ಬರ್ಕೊಡ್ಲಾ? ನನ್ನ ಕೈಯಾರೆ ನನ್ನ ಅಂಗಡಿಗೆ ಬೀಗ ಹಾಕ್ಲಾ?”

“ಸಾರ್, ಪುಸ್ತಕದ ತಪ್ಪು ಅಂತ ಬರೀಬೇಡಿ. ಉತ್ತರ ಬರೆದವಳ ತಪ್ಪು ಅಂತಾನೇ ಬರೀರಿ. ನಾನು ಬೇಕಾದ್ರೆ ಸಹಿ ಹಾಕ್ತೀನಿ. ತಪ್ಪು ನಂದೇ.”

ಮಾಲೀಕರು ನನ್ನ ಕಡೆ ನೋಡಿದರು. ಆ ಮಧ್ಯಾಹ್ನ ಅವರಿಗೂ ನೆನಪಿತ್ತು. ನಾನು ಅವರ ಕಡೆ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವರು ಅಂಗಡಿ ಉಳಿಸಿಕೊಂಡರು, ನಾನು ಮುಖ ಉಳಿಸಿಕೊಂಡೆ. ನಮ್ಮಿಬ್ಬರ ನಡುವೆ ನಿಂತು ಅಕ್ಕ ಇನ್ನೂ “ದಯವಿಟ್ಟು ಸಾರ್” ಎನ್ನುತ್ತಿದ್ದಳು.

ಕೊನೆಗೆ ಅವಳು ಶಾಲೆಯ ಮಕ್ಕಳ ಗಣಿತ ಪಠ್ಯಪುಸ್ತಕ ತಂದಳು. ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಇದ್ದ ಪುಟದ ಝೆರಾಕ್ಸ್ ಮಾಡಿಸಿ, ಎರಡು, ಮೂರು, ಐದು, ಏಳು, ಹನ್ನೊಂದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದನ್ನೇ ಆಧಾರವಾಗಿ ಲಗತ್ತಿಸಿದಳು. ಇದಕ್ಕಿಂತ ದೊಡ್ಡ ಆಧಾರ ಜಗತ್ತಿನಲ್ಲಿ ಏನಿದೆ, ಹೇಳಿ. ಮೂರು ವಾರಕ್ಕೆ ಉತ್ತರ ಬಂತು. ‘ಲಗತ್ತಿಸಿದ ಪುಟದಲ್ಲಿ ಸದರಿ ಪ್ರಶ್ನೆ ಕಂಡುಬರುವುದಿಲ್ಲ. ತಜ್ಞರ ಸಮಿತಿ ರಚಿಸಿದ ಪ್ರಕಟಿತ ಗ್ರಂಥದಲ್ಲಿ ಉತ್ತರ ಮೂವತ್ತಾರು ಎಂದಿರುವುದರಿಂದ ಕೀ ಉತ್ತರವನ್ನು ಉಳಿಸಿಕೊಳ್ಳಲಾಗಿದೆ.’

ತಜ್ಞರ ಸಮಿತಿ ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಅಕ್ಕಿ ಡಬ್ಬದ ಕೆಳಗಿಟ್ಟು ಒಲೆ ಹಚ್ಚಿತು.

ಫಲಿತಾಂಶ ಬಂದಾಗ ಆಯ್ಕೆಯ ಗೆರೆ ಎಪ್ಪತ್ತೊಂದಕ್ಕೆ ನಿಂತಿತ್ತು. ಅಕ್ಕನಿಗೆ ಎಪ್ಪತ್ತೂಕಾಲು. ಸರಿಯುತ್ತರಕ್ಕೆ ಸಿಗಬೇಕಿದ್ದ ಒಂದು ಅಂಕ ಹೋಯಿತು, ತಪ್ಪುತ್ತರಕ್ಕೆಂದು ಕಾಲು ಅಂಕ ಕಡಿದರು. ಬೇರೆ ಹದಿನಾಲ್ಕು ಪ್ರಶ್ನೆಗಳಲ್ಲಿ ಅವಳು ತಪ್ಪಿದ್ದಳು ನಿಜ, ಅದನ್ನು ಅವಳೇ ಹೇಳುತ್ತಿದ್ದಳು. ಆದರೆ ಅವಳಿಗೆ ಕೊರತೆ ಬಿದ್ದದ್ದು ಮುಕ್ಕಾಲು ಅಂಕ. ನಲವತ್ತೇಳನೆಯದೊಂದು ಅವಳದಾಗಿದ್ದರೆ ಗೆರೆ ದಾಟಿ ನಿಂತಿರುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವಳ ಬಾಯಿಂದಲೇ ಅದನ್ನು ಕಿತ್ತಿದ್ದರು.

ಮನೆಗೆ ಬಂದು ಅಮ್ಮನ ಎದುರು ಕೂತು ಅಕ್ಕ ಸಮಾಧಾನವಾಗಿ ಹೇಳಿದಳು, “ಯಾರನ್ನೂ ಬೈಬೇಡಮ್ಮ. ನಾನೇ ತಪ್ಪು ಬರೆದೆ, ನನ್ನ ತಪ್ಪೇ ತಿರುಗಿ ನನ್ನ ತಲೆ ಮೇಲೆ ಬಿತ್ತು.”

ಅಮ್ಮ ಅತ್ತಳು. “ನಿನ್ನ ತಪ್ಪಲ್ಲ ಕಣೇ. ಅವತ್ತು ನಾನು ಬೀಳದೇ ಇದ್ದಿದ್ರೆ ನೀನು ಕೂತು ಇನ್ನೊಂದು ಸಲ ನೋಡ್ತಿದ್ದೆ. ನನ್ನ ಹಾಳು ಸೊಂಟ. ಅವತ್ತೇ ನಾನು ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು” ಎಂದು ತನ್ನ ತೊಡೆಗೆ ತಾನೇ ಹೊಡೆದುಕೊಂಡಳು.

ಅದನ್ನು ನನಗೆ ನೋಡಲಾಗಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ. ಚೀಟಿ ತರಲು ಮನೆಗೆ ಬರಲೇ ಇಲ್ಲ, ಹತ್ತು ಉತ್ತರವನ್ನೂ ನಾನೇ ಹಾಕಿದೆ, ಆಮೇಲೆ ಸುಳ್ಳು ಹೇಳಿದೆ.

ಅಕ್ಕ ನನ್ನ ಕಡೆ ತಿರುಗಿ ಕೂತಳು. ಆಮೇಲೆ, ಓದುವ ಮಕ್ಕಳು ಅನುಮಾನ ಕೇಳಿದಾಗ ಮಾತಾಡುವ ದನಿಯಲ್ಲಿ ಕೇಳಿದಳು, “ಒಂಬತ್ತು ಅಂತ ಹೇಗೆ ಅಂದ್ಕೊಂಡೆ?”

“ಮೂರು, ಐದು, ಏಳು ಇತ್ತಲ್ಲ. ಮುಂದೆ ಒಂಬತ್ತು ಅಂತ.”

“ಅದಕ್ಕೆ ಮೊದಲು ಎರಡು ಇದೆಯಲ್ಲ?”

“ಅದು ಮೊದಲನೇದು ಅಲ್ವಾ, ಹಾಗೇ ಇರುತ್ತೆ ಅಂದ್ಕೊಂಡೆ.”

“ಹಾಗೇ ಇರುತ್ತೆ.” ಅವಳು ಎದ್ದು ನಿಂತಳು. ಅವಳು ಕೂಗಿದ್ದನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ. “ಕೇಳಿದ್ನಲ್ಲೇ ಅವತ್ತು! ಚೀಟಿ ನೋಡಿದ್ಯಾ ಅಂತ ಕೇಳಿದ್ನಲ್ಲ! ಒಂದು ಸಲ ಇಲ್ಲ ಅಂದಿದ್ರೆ ಮರುದಿನಾನೇ ಪ್ರೆಸ್ಸಿಗೆ ಓಡಿ ಸರಿ ಮಾಡಿಸ್ತಿದ್ದೆ. ಅವರ ಮುಂದೆ ನಾನು ಕೈ ಮುಗಿದು ನಿಂತಾಗ ಅಲ್ಲೇ ಕೂತಿದ್ದೆಯಲ್ಲೇ ನೀನು. ಟೈಪ್ ಮಾಡ್ತಾ ಕೂತಿದ್ದೆ!” ಒಲೆಯ ಪಕ್ಕದ ಗೋಡೆಯ ಪಟ್ಟಿಯನ್ನು ಅಂಗೈಯಿಂದ ತಿಕ್ಕತೊಡಗಿದಳು. ಸೀಮೆಸುಣ್ಣವೆಲ್ಲ ಹೋದ ಮೇಲೂ ತಿಕ್ಕುತ್ತಲೇ ಇದ್ದಳು. ಅಮ್ಮ ಗೋಡೆ ಹಿಡಿದು ನಡೆದು ಹೋಗಿ ಅವಳ ಕೈ ಹಿಡಿದಳು.

ಇಪ್ಪತ್ತೆರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಅದರ ನಡುವೆ ಒಂದು ದಿನ ಅವಳಿಗೆ ಮೂವತ್ತೈದು ತುಂಬಿತು, ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಮ್ಮ ನಡುವೆ ಅಂಚೆಯಣ್ಣನ ಕೆಲಸ ಮಾಡಿದಳು. “ನಿಮ್ಮಕ್ಕ ನೀರು ಕಾದಿದೆ ಅಂತಿದ್ದಾಳೆ.” “ನಿನ್ನ ತಂಗಿ ಸಂಜೆ ತಡ ಆಗುತ್ತೆ ಅಂತ ಹೇಳಿದ್ಲು.” ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎನ್ನುತ್ತಾರೆ. ಆ ಗಾದೆ ಕಟ್ಟಿದವರಿಗೆ ತಂಗಿಯರ ವಿಷಯ ಗೊತ್ತಿರಲಿಲ್ಲ.

ಇಪ್ಪತ್ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಅವಳು ಟೈರ್ ಅಂಗಡಿಯ ಮೇಲಿನ ಕೋಣೆಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದು ಕೂತಳು. ಮಾಲೀಕರು ಕರೆಸಿದ್ದರು. ಪುಸ್ತಕಕ್ಕೆ ಹೊಸ ಆವೃತ್ತಿ, ಈ ಸಲ ಬರೀ ಉತ್ತರ ಸಾಲದು, ಪ್ರತಿ ಉತ್ತರಕ್ಕೂ ವಿವರಣೆ ಬೇಕು. ಬೇರೆಯವರು ಬರೆದರೆ ಆರು ತಿಂಗಳು, ಇವಳಾದರೆ ಆರು ವಾರ. ರಕ್ಷಾಪುಟ ಆಗಲೇ ತಯಾರಾಗಿ ಗೋಡೆಗೆ ಅಂಟಿಸಿತ್ತು. ಕೆಂಪು ಅಕ್ಷರದಲ್ಲಿ, ‘ಈ ವರ್ಷದ ಪರೀಕ್ಷೆಯಲ್ಲಿ ನೇರವಾಗಿ ಬಂದ ಪ್ರಶ್ನೆ! ನೋಡಿ, ಪುಟ 112.’ ಅವಳು ಯಾಕೆ ಒಪ್ಪಿದಳೆಂದು ನಾನು ಕೇಳಲಿಲ್ಲ. ಬೇರೆ ಯಾವ ಕೆಲಸವನ್ನು ಅವಳು ಹದಿಮೂರು ವರ್ಷದಲ್ಲಿ ಕಲಿತಿದ್ದಳು?

“ಪುಟ ಒಂದು, ಪ್ರಶ್ನೆ ಒಂದು. ವಿವರಣೆ” ಎಂದಳು. ಇಪ್ಪತ್ತೆರಡು ದಿನದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಅವಳು ಹೇಳುತ್ತಾ ಹೋದಳು, ನಾನು ಟೈಪು ಮಾಡುತ್ತಾ ಹೋದೆ. ಅವಳ ವಿವರಣೆ ಯಾವಾಗಲೂ ಹಾಗೆ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ದಡ್ಡರಿಗೂ ತಾವು ಜಾಣರು ಅನಿಸುತ್ತದೆ. ನಾಲ್ಕನೇ ವಾರಕ್ಕೆ ನೂರಾ ಹನ್ನೆರಡನೇ ಪುಟ ಬಂತು. ನನ್ನ ಬೆರಳು ನಿಂತಿತು.

“ಅಕ್ಕ, ಇದೊಂದು ಬಿಟ್ಟುಬಿಡೋಣ.”

“ಹೇಗೆ ಬಿಡ್ತೀಯ? ರಟ್ಟಿನ ಮೇಲೇ ಇದೆಯಲ್ಲ.”

“ಹಾಗಾದ್ರೆ ಮೂವತ್ತೆಂಟು ಅಂತ ಹಾಕ್ತೀನಿ. ಮಾಲೀಕರು ಓದಿ ನೋಡಲ್ಲ. ಬೈದ್ರೆ ಬೈಸ್ಕೋತೀನಿ, ಕೆಲಸದಿಂದ ತೆಗೆದ್ರೂ ತೆಗೀಲಿ. ಈ ಸಲನಾದ್ರೂ ಸರಿ ಮಾಡ್ತೀನಿ ಅಕ್ಕ.”

ಅವಳು ನೋಟ್‌ಬುಕ್ಕಿನಿಂದ ತಲೆಯೆತ್ತಲಿಲ್ಲ. “ಸರಿ ಮಾಡಿ ಏನು ಮಾಡ್ತೀಯ? ಪ್ರಶ್ನೆ ಎತ್ತೋರು ಇನ್ನೊಂದು ಸಲ ಇದನ್ನೇ ಎತ್ತುತಾರೆ. ಅವರ ಹತ್ರ ಮೂವತ್ತಾರು ಇದೆ, ಇಲಾಖೆ ಮುದ್ರೆನೂ ಬಿದ್ದಿದೆ. ನಮ್ಮ ಪುಸ್ತಕ ನಂಬಿ ಇನ್ಯಾವಳೋ ಮೂವತ್ತೆಂಟು ಅಂತ ಗುರುತು ಹಾಕ್ತಾಳೆ. ಅವಳೂ ಮುಕ್ಕಾಲು ಅಂಕಕ್ಕೆ ಮನೆಗೆ ಹೋಗ್ತಾಳೆ. ನಾನೊಬ್ಬಳು ಹೋಗಿದ್ದು ಸಾಲ್ದಾ?”

ನಾನು ಕೈಯನ್ನು ಮತ್ತೆ ಕೀಲಿಮಣೆಯ ಮೇಲಿಟ್ಟೆ.

“ಬರ್ಕೋ” ಎಂದಳು. “ವಿವರಣೆ. ಮೊದಲ ಹೆಜ್ಜೆಯಲ್ಲಿ ಎರಡನ್ನು ಕೂಡಿಸಬೇಕು. ನಂತರ ಮೂರರಿಂದ ಆರಂಭಿಸಿ ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸುತ್ತಾ ಹೋಗಬೇಕು. ಮೂರು, ಐದು, ಏಳು, ಒಂಬತ್ತು. ಆದ್ದರಿಂದ ಇಪ್ಪತ್ತೇಳಕ್ಕೆ ಒಂಬತ್ತು ಸೇರಿಸಿದರೆ ಮೂವತ್ತಾರು.”

ಅದು ನನ್ನದೇ ಮಾತು. ಮೊದಲನೇದು ಹಾಗೇ ಇರುತ್ತೆ ಎಂದು ನಾನು ಬಾಗಿಲಲ್ಲಿ ನಿಂತು ತೊದಲಿದ್ದನ್ನೇ ಅವಳು ಇಸ್ತ್ರಿ ಹಾಕಿ, ಯಾರು ಓದಿದರೂ ಒಪ್ಪುವಂತೆ ಮಾಡಿದ್ದಳು. ಟೈಪು ಮಾಡುವಾಗ ಪರದೆ ಮಂಜಾಯಿತು.

“ಕಣ್ಣು ಒರೆಸ್ಕೋ, ಅಕ್ಷರ ತಪ್ಪುತ್ತೆ. ಆಯ್ತಾ? ಒಂದು ಸಲ ಓದು.”

ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“‘ಮೊದಲ ಹೆಜ್ಜೆಯಲ್ಲಿ ಮಾತ್ರ’ ಅಂತ ಮಾಡು. ಇಲ್ಲಾಂದ್ರೆ ಬುದ್ಧಿ ಇರೋರಿಗೆ ಅನುಮಾನ ಬರುತ್ತೆ.”

‘ಮಾತ್ರ’ ಸೇರಿಸಿದೆ. ಈಗ ಯಾರಿಗೂ ಅನುಮಾನ ಬರುವಂತಿರಲಿಲ್ಲ.